ಎಂಜಿನ್ನಿನ ಕೆಳಗಿನ ಮರ

ಅಣ್ಣ ಹೋದ ಮೇಲೆ ಅವನ ದೋಣಿ ತದಡಿಯ ದಡದಲ್ಲೇ ಎರಡು ಮಳೆಗಾಲ ಕಳೆಯಿತು. ಮಗ ಅದನ್ನು ಮತ್ತೆ ನೀರಿಗಿಳಿಸಲು ಹೊರಟ. ಮೈಯ ಹಲಗೆಗಳು ಗಟ್ಟಿಯಿದ್ದವು. ಎಂಜಿನ್ ಎತ್ತಿ ನೋಡಿದರೆ ಅದನ್ನು ಹೊತ್ತಿದ್ದ ಎರಡು ತೊಲೆಗಳು ಎಣ್ಣೆ, ಉಪ್ಪುನೀರು ಕುಡಿದು, ಬೋಲ್ಟಿನ ಸುತ್ತ ಕರ್ರಗಾಗಿ ಉಗುರಿಗೇ ಉದುರುತ್ತಿದ್ದವು.

"ಮಾವಿನ ಮರ ಹಾಕಿದರಾಗದೇ? ಅಗ್ಗ" ಎಂದ ಹುಡುಗ.

ಆಚಾರಿ ನಕ್ಕರು. "ಅಕ್ಕೋರೆ, ನೀವೇ ಹೇಳಿ ಇವನಿಗೆ. ಇದು ಬರೀ ಭಾರ ಹೊರುವ ಮರವಲ್ಲ. ಫ್ಯಾನು ನೀರನ್ನು ಹಿಂದಕ್ಕೆ ತಳ್ಳಿದಾಗ ದೋಣಿಯನ್ನು ಮುಂದಕ್ಕೆ ನೂಕುವ ಬಲವೆಲ್ಲ ಇದರ ಮೇಲೇ ಬೀಳುತ್ತದೆ. ಮರ ಕೂದಲೆಳೆಯಷ್ಟು ಸೊಟ್ಟಗಾದರೂ ಶಾಫ್ಟು ತೇಯ್ದು ನೀರು ಒಳಗೆ ಬರುತ್ತದೆ."

ನಾನೇನು ಹೇಳಲಿ? ಮೂವತ್ತು ವರ್ಷ ಚರಿತ್ರೆ ಪಾಠ ಮಾಡಿದ್ದರೂ ಮರದ ಚರಿತ್ರೆ ಓದಿದ್ದು ಆಮೇಲೆಯೇ.

ಮೊದಲು ನಮ್ಮ ಕರಾವಳಿಯ ಎಷ್ಟೋ ದೋಣಿಗಳ ಹಲಗೆಗಳನ್ನು ತೆಂಗಿನ ಹುರಿಯಿಂದ ಹೊಲಿಯುತ್ತಿದ್ದರು. ಅಲೆ ಬಡಿದರೆ ಅವು ಬಳುಕುತ್ತಿದ್ದವು, ಒಡೆಯುತ್ತಿರಲಿಲ್ಲ. ಆದರೆ ಎಂಜಿನ್ನಿಗೆ ಬೇಕಾದದ್ದು ಬಳುಕದ ನೆಲೆ. 1953ರಲ್ಲಿ ಕೊಲ್ಲಂ ಬಳಿ ನಾರ್ವೆಯ ನೆರವಿನ ಯೋಜನೆ ಶುರುವಾದಾಗ ಹಳೆಯ ದೋಣಿಗಳು ಯಂತ್ರಕ್ಕೆ ಒಗ್ಗಲಿಲ್ಲ. ಹೊಸ ಮಾದರಿಯವನ್ನೇ ಕಟ್ಟಬೇಕಾಯಿತು.

ಇಂಥ ಕೆಲಸಕ್ಕೆ ಹೆಸರಾದ ಮರ ತೇಗ. ಚೆನ್ನಾಗಿ ಒಣಗಿದ ತೇಗ ಹೆಚ್ಚು ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಇಂಗ್ಲೆಂಡಿನ ಓಕ್ ಮರವೂ ಗಟ್ಟಿಯೇ, ಆದರೆ ಅದರ ಹುಳಿ ಕಬ್ಬಿಣವನ್ನು ತಿನ್ನುತ್ತದೆ. ತೇಗದೊಳಗಿನ ಎಣ್ಣೆ ಮೊಳೆ, ಬೋಲ್ಟುಗಳನ್ನು ಕಾಯುತ್ತದೆ. 1860ರಲ್ಲಿ ಬ್ರಿಟಿಷರು 'ವಾರಿಯರ್' ಎಂಬ ಕಬ್ಬಿಣದ ಯುದ್ಧನೌಕೆಯನ್ನು ನೀರಿಗಿಳಿಸಿದಾಗ, ಅದರ 4.5 ಅಂಗುಲದ ಕಬ್ಬಿಣದ ಕವಚದ ಹಿಂದೆ 18 ಅಂಗುಲ ದಪ್ಪ ತೇಗವನ್ನು ಇಟ್ಟಿದ್ದರು. ಮುಂಬಯಿಯಲ್ಲಿ ವಾಡಿಯಾ ಮನೆತನದವರು ತೇಗದಲ್ಲೇ ಕಟ್ಟಿ 1817ರಲ್ಲಿ ನೀರಿಗಿಳಿಸಿದ 'ಟ್ರಿಂಕೋಮಲಿ' ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ಇಂದಿಗೂ ತೇಲುತ್ತಿದೆ.

ಮುಂಬಯಿಯ ಹಡಗುಕಟ್ಟೆಗೆ ಮಲಬಾರಿನಿಂದಲೂ ನಮ್ಮ ಕೆನರಾದಿಂದಲೂ ತೇಗ ಹೋಗುತ್ತಿತ್ತು. 1806ರಲ್ಲಿ ಕಂಪನಿ ಸರ್ಕಾರ ಕ್ಯಾಪ್ಟನ್ ವಾಟ್ಸನ್ ಎಂಬವನನ್ನು ಅರಣ್ಯ ಸಂರಕ್ಷಕನಾಗಿ ನೇಮಿಸಿತು. ಹೆಸರು ಸಂರಕ್ಷಕ, ಕೆಲಸ ಹಡಗಿಗೆ ಮರ ಒದಗಿಸುವುದು. ತಮ್ಮ ಕಾಡಿನ ತೇಗದ ಮೇಲೆ ಊರವರಿಗೇ ಹಕ್ಕಿಲ್ಲದಂತಾಯಿತು. ಅಸಮಾಧಾನ ಬೆಳೆದು, ಥಾಮಸ್ ಮನ್ರೋ ಮದರಾಸಿನ ಗವರ್ನರ್ ಆಗಿದ್ದಾಗ, 1823ರಲ್ಲಿ ಆ ಹುದ್ದೆಯನ್ನೇ ತೆಗೆದುಹಾಕಿದರು.

ಹೊಸ ತೇಗದ ಬೆಲೆ ಕೇಳಿ ಹುಡುಗ ಸುಮ್ಮನಾದ. ಆಗ ಆಚಾರಿಯ ಕಣ್ಣು ಕೊಟ್ಟಿಗೆಯ ಅಟ್ಟದತ್ತ ಹೋಯಿತು. ಹಳೇ ಮನೆ ಕೆಡವಿದಾಗ ಉಳಿದ ತೇಗದ ತೊಲೆಯೊಂದು ಅಲ್ಲಿತ್ತು. ಅತ್ತಿಗೆ ಅದನ್ನು ಮಗಳ ಮದುವೆಗೆ ಮಂಚ ಮಾಡಿಸಲೆಂದು ಎತ್ತಿಟ್ಟಿದ್ದಳು. ಎಲ್ಲರಿಗೂ ಗೊತ್ತಿತ್ತು, ಬಾಯಿ ಬಿಟ್ಟು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಅತ್ತಿಗೆ ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ, "ಇಳಿಸಿ. ಮಂಚಕ್ಕೇನು, ಪೇಟೆಯಲ್ಲಿ ಸಿಗುತ್ತದೆ" ಎಂದಳು.

ಆಚಾರಿ ತೊಲೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಸುತ್ತಿಗೆಯಿಂದ ತಟ್ಟಿ ದನಿ ಆಲಿಸಿದರು. ಒಂದು ತುದಿಯ ಗಂಟು, ಹಳೇ ಮೊಳೆಯ ತೂತುಗಳಿದ್ದ ಭಾಗವನ್ನು ಕತ್ತರಿಸಿ ಬದಿಗಿಟ್ಟರು. ಉಳಿದದ್ದನ್ನು ಉದ್ದಕ್ಕೆ ಎರಡಾಗಿ ಸೀಳಿದರು. ಒಂದೇ ಮರದ ಜೋಡಿಯಾದರೆ ಬಿಸಿಲಿಗೂ ನೀರಿಗೂ ಎರಡೂ ಒಂದೇ ರೀತಿ ನಡೆದುಕೊಳ್ಳುತ್ತವೆಯಂತೆ. ಭಾರ ಹಂಚಿಹೋಗಲೆಂದು ಎಂಜಿನ್ನಿಗಿಂತ ಉದ್ದವಾಗಿ, ಹಲವು ಅಡ್ಡಪಟ್ಟಿಗಳ ಮೇಲೆ ಅವನ್ನು ಕೂರಿಸಿದರು.

ದೋಣಿ ನೀರಿಗಿಳಿದ ದಿನ ಎಂಜಿನ್ ಸದ್ದು ಮಾಡುತ್ತ ಅಳಿವೆಯತ್ತ ಸಾಗಿತು. ನಾವೆಲ್ಲ ದಡದಲ್ಲಿ ನಿಂತು ನೋಡುತ್ತಿದ್ದೆವು. ಅತ್ತಿಗೆ ಮಾತ್ರ ಆಚಾರಿಯನ್ನು ಪಕ್ಕಕ್ಕೆ ಕರೆದು, ಕತ್ತರಿಸಿಟ್ಟ ತುಂಡಿನಲ್ಲಿ ಹಸೆಗೆ ಎರಡು ಮಣೆಯಾದೀತೇ ಎಂದು ಕೇಳುತ್ತಿದ್ದಳು.