ಸಂಭಾವನೆ, ಗೌರವಧನ, ಕರಾರು: ಕನ್ನಡದಲ್ಲಿ ಬರಹಕ್ಕೆ ಹಣ ಕೊಡುವವರು ಯಾರು?

ಸಂಬಳದ ನೌಕರಿಯಿಲ್ಲದೆ ಪತ್ರಿಕೆಗಳಿಗೆ ಬರೆಯುವವರನ್ನು ಕನ್ನಡದಲ್ಲಿ ‘ಹವ್ಯಾಸಿ ಬರಹಗಾರ’ ಎಂದು ಕರೆಯುವ ರೂಢಿಯಿದೆ. ಅವರ ಲೇಖನಕ್ಕೆ ಸಲ್ಲುವ ಹಣ ‘ಸಂಭಾವನೆ’, ಪುಸ್ತಕಕ್ಕೆ ಸಲ್ಲುವುದು ‘ಗೌರವಧನ’. ಮದುವೆ ಮುಂಜಿಗಳಲ್ಲಿ ವೈದಿಕರ ಕೈಗೆ ಹಾಕುವುದೂ ಸಂಭಾವನೆಯೇ. ಅಲ್ಲಿ ಕೊಡುವವರು ಮನಸ್ಸಿಗೆ ಬಂದಷ್ಟು ಕೊಡುತ್ತಾರೆ, ಪಡೆಯುವವರು ಎದುರಿಗೇ ಎಣಿಸಿ ನೋಡುವುದಿಲ್ಲ. ಬರಹದ ಲೋಕಕ್ಕೆ ಬಂದ ಈ ಪದ ತನ್ನ ಹಳೆಯ ನಡವಳಿಕೆಯನ್ನೂ ಜೊತೆಗೆ ತಂದಿತೆಂದು ನನ್ನ ಅನಿಸಿಕೆ. ಬರೆಯುವುದು ಹವ್ಯಾಸ, ಅದಕ್ಕೆ ಬರುವ ಹಣ ಗೌರವ ಎಂದಾದಾಗ ಬಾಕಿ ಕೇಳುವುದು ಅಗೌರವವಾಗಿ ಕಾಣುತ್ತದೆ. ಹಾಗಾದರೆ ಕನ್ನಡದ ಬರಹಗಾರನಿಗೆ ನಿಜಕ್ಕೂ ಹಣ ಬಂದದ್ದು ಎಲ್ಲಿಂದ? ಓದುಗರು ಮೊದಲೇ ನೆರೆದಿದ್ದ ಕಡೆಯಿಂದ ಎಂಬುದು ಈ ಲೇಖನದ ವಾದ.

ಗಳಗನಾಥರ (1869–1942) ಉದಾಹರಣೆ ಎಲ್ಲರಿಗೂ ಗೊತ್ತು. ಶಾಲಾ ಮಾಸ್ತರಿಕೆ ಮಾಡಿದ್ದ ಅವರು ಕಾದಂಬರಿಗಳನ್ನು ಬರೆದು, ಪುಸ್ತಕದ ಗಂಟು ಹೊತ್ತು ಊರೂರು ಅಲೆದು ಮಾರಿದರು. ಇದನ್ನು ನಾವು ತ್ಯಾಗದ ಕಥೆಯಾಗಿ ಹೇಳಿಕೊಂಡು ಬಂದಿದ್ದೇವೆ. ಆ ಹೊರೆಯ ಭಾರವನ್ನು ನೆನೆದರೆ ಹಾಗೆ ಹೇಳುವುದು ಸಹಜವೂ ಹೌದು. ಆದರೆ ಅದರೊಳಗೆ ಒಂದು ಆರ್ಥಿಕ ಸತ್ಯವೂ ಇದೆ. ಅಂಗಡಿಯಿಲ್ಲದ ಊರುಗಳಲ್ಲಿ ಓದುಗರಿದ್ದರು. ಅವರಿಗೂ ಪುಸ್ತಕಕ್ಕೂ ನಡುವೆ ಇರಬೇಕಾಗಿದ್ದ ಸೇತುವೆ ಇರಲಿಲ್ಲ. ಆ ಕೆಲಸವನ್ನು ಬರಹಗಾರ ತನ್ನ ಕಾಲಿನಿಂದಲೇ ಮಾಡಬೇಕಾಯಿತು. ಮುಂದೆ ಪುತ್ತೂರಿನಲ್ಲಿ ಶಿವರಾಮ ಕಾರಂತರು ಸ್ವಂತ ಮುದ್ರಣಾಲಯ ನಡೆಸಿ, ತಮ್ಮ ಪುಸ್ತಕಗಳನ್ನು ತಾವೇ ಹೊರತಂದಾಗಲೂ ಈ ಹೊರೆ ಬರಹಗಾರನ ಹೆಗಲ ಮೇಲೆಯೇ ಇತ್ತು.

ಅದನ್ನು ಹೆಗಲಿನಿಂದ ಇಳಿಸುವ ಉಪಾಯ ಹೊಳೆದದ್ದು ಧಾರವಾಡದಲ್ಲಿ. 1933ರಲ್ಲಿ ಜಿ. ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆಯ ಹೂರಣವೆಲ್ಲ ಚಂದಾದಾರರ ಪಟ್ಟಿಯಲ್ಲಿತ್ತು. ಓದುಗರು ವರ್ಷದ ಹಣವನ್ನು ಮುಂಗಡವಾಗಿ ಕೊಡಬೇಕು. ಆ ವರ್ಷ ಅಚ್ಚಾದ ಪುಸ್ತಕಗಳು ಅವರ ಮನೆಗೆ ಹೋಗುತ್ತವೆ. ಇದರ ಪರಿಣಾಮ ದೊಡ್ಡದು. ಪುಸ್ತಕ ಯಾರದೆಂದು ತಿಳಿಯುವ ಮೊದಲೇ ಹಣ ಕಟ್ಟಿದವರು ಗ್ರಂಥಮಾಲೆಯ ರುಚಿಯನ್ನು ನಂಬಿದ್ದರು. ಆದ್ದರಿಂದ ಹೆಸರಿಲ್ಲದ ಲೇಖಕನನ್ನು ಪ್ರಕಟಿಸುವ ಧೈರ್ಯ ಪ್ರಕಾಶಕನಿಗೆ ಬಂತು. 1961ರಲ್ಲಿ ‘ಯಯಾತಿ’ ಅಲ್ಲಿಂದ ಹೊರಬಂದಾಗ ಗಿರೀಶ ಕಾರ್ನಾಡರಿಗೆ 23 ವರ್ಷ. 1965ರಲ್ಲಿ ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ಹೊರತಂದದ್ದೂ ಅದೇ ಮಾಲೆ. ಜೋಶಿಯವರ ಅಟ್ಟದಲ್ಲಿ ಕೂತು ಹಸ್ತಪ್ರತಿ ಓದುತ್ತಿದ್ದ ಕೀರ್ತಿನಾಥ ಕುರ್ತಕೋಟಿಯವರ ವಿಮರ್ಶೆಯ ಕಣ್ಣು ಎಷ್ಟು ಮುಖ್ಯವಾಗಿತ್ತೋ, ಅಂಚೆಯಲ್ಲಿ ಹಣ ಕಳಿಸಿದ ಅನಾಮಿಕ ಚಂದಾದಾರರೂ ಅಷ್ಟೇ ಮುಖ್ಯರಾಗಿದ್ದರು. ಸಾಹಿತ್ಯ ಚರಿತ್ರೆ ಈ ಎರಡನೆಯವರಿಗೆ ಒಂದು ಪುಟವನ್ನಾದರೂ ಕೊಡಬೇಕಿತ್ತು.

ವಾರಪತ್ರಿಕೆ, ಮಾಸಪತ್ರಿಕೆಗಳ ಕಾಲ ಇದೇ ತರ್ಕವನ್ನು ಹಿಗ್ಗಿಸಿತು. ‘ಕಸ್ತೂರಿ’ (1956), ‘ಸುಧಾ’ (1965), ‘ಮಯೂರ’ (1968), ‘ತರಂಗ’ (1983) ಬರಹಗಾರನಿಗೆ ಸಿದ್ಧ ಓದುಗರನ್ನು ಒದಗಿಸಿದವು. ‘ಪ್ರಜಾವಾಣಿ’ಯ ದೀಪಾವಳಿ ಕಥಾಸ್ಪರ್ಧೆಯಂಥವು ಪರಿಚಯದ ಬಲವಿಲ್ಲದವರಿಗೂ ಬಾಗಿಲು ತೆರೆದವು. ಧಾರಾವಾಹಿಯಾಗಿ ಬಂದ ಕಾದಂಬರಿ ಆಮೇಲೆ ಪುಸ್ತಕವಾಗಬಹುದು, ಅದೃಷ್ಟವಿದ್ದರೆ ಸಿನಿಮಾವೂ ಆಗಬಹುದು. ಒಂದೇ ಬರಹಕ್ಕೆ ಮೂರು ಸಲ, ಮೂರು ಬೇರೆ ಹಕ್ಕುಗಳಿಗಾಗಿ, ಹಣ ಬರುವ ದಾರಿ ಇದು. ಅ.ನ.ಕೃ., ತ.ರಾ.ಸು. ಅವರಂತೆ ಲೇಖನಿಯನ್ನೇ ನಂಬಿ ಬಾಳಿದವರ ಬದುಕನ್ನು ಈ ಹಕ್ಕುಗಳ ದೃಷ್ಟಿಯಿಂದ ಯಾರಾದರೂ ಮತ್ತೆ ಬರೆಯಬೇಕು.

ಈ ಸರಪಣಿಗೆ ಸೇರದ ಕೊಳ್ಳುಗ ಸರ್ಕಾರ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರ ವಸೂಲಿಗೆ ಅವಕಾಶ ಕೊಟ್ಟಿತು; ಆ ಹಣ ಸಗಟು ಖರೀದಿಗೆ ಆಧಾರವಾಯಿತು. ಕನ್ನಡ ಪ್ರಕಾಶನ ಉಳಿದಿರುವುದರಲ್ಲಿ ಈ ಖರೀದಿಯ ಪಾಲು ದೊಡ್ಡದು, ಅದನ್ನು ಕಡೆಗಣಿಸುವಂತಿಲ್ಲ. ಆದರೆ ಇಲ್ಲಿ ಬೆಲೆ ನಿಗದಿಯಾಗುವುದು ಪುಟದ ಲೆಕ್ಕದಲ್ಲಿ. ಇಲಾಖೆಯ ಬಿಲ್ಲು ತಡವಾದರೆ ಪ್ರಕಾಶಕರು ಕಾಯುತ್ತಾರೆ, ಅವರ ಹಿಂದೆ ಲೇಖಕರು ಕಾಯುತ್ತಾರೆ. ಗ್ರಂಥಾಲಯವನ್ನೇ ನಂಬಿದ ಪ್ರಕಾಶಕರಿಗೆ ಓದುಗರ ಪಟ್ಟಿಯನ್ನು ಬೆಳೆಸುವ ಒತ್ತಡವಿರುವುದಿಲ್ಲ. ಆ ವರ್ಷದ ಖರೀದಿ ನಿಂತರೆ ಅವರ ಬಳಿ ಬೇರೇನೂ ಉಳಿಯುವುದಿಲ್ಲ.

ಇನ್ನು ಪುಸ್ತಕದ ಗೌರವಧನ. ಮುಖಬೆಲೆಯ ಶೇ 10 ಎಂಬುದು ಸಾಮಾನ್ಯವಾಗಿ ಕೇಳಿಬರುವ ಪ್ರಮಾಣ. ಲೆಕ್ಕಕ್ಕೆಂದು 200 ರೂಪಾಯಿ ಬೆಲೆಯ ಪುಸ್ತಕದ 500 ಪ್ರತಿ ಅಚ್ಚಾಯಿತು ಎಂದಿಟ್ಟುಕೊಳ್ಳೋಣ. ಎಲ್ಲವೂ ಖರ್ಚಾದರೆ ಲೇಖಕನಿಗೆ 10,000 ರೂಪಾಯಿ. ಆ ಹಣದ ಬದಲು 50 ಪ್ರತಿಗಳನ್ನು ಕೊಟ್ಟರೆ ಕಾಗದದ ಮೇಲೆ ಲೆಕ್ಕ ಸರಿಹೋಗುತ್ತದೆ. ಆದರೆ ಅವನ್ನು ಮಾರುವ ಹೊಣೆ ಲೇಖಕನದು, ಅಂಗಡಿಯವರಿಗೆ ಬಿಡುವ ಕಮಿಷನ್ ಅವನದು, ಸ್ನೇಹಿತರಿಗೆ ಹಾಗೇ ಕೊಟ್ಟು ಬರುವ ಸಂಕೋಚವೂ ಅವನದೇ. ಗಳಗನಾಥರ ಗಂಟು ಮತ್ತೆ ಹೆಗಲಿಗೇರಿತು.

ಇಲ್ಲಿ ಕಾನೂನು ಹೇಳುವುದು ರೂಢಿಗಿಂತ ಬೇರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೆಯ ಕಲಮಿನ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿರಬೇಕು, ಬರೆದುಕೊಡುವವರ ಸಹಿ ಇರಬೇಕು, ಗೌರವಧನ ಎಷ್ಟೆಂದು ನಮೂದಾಗಬೇಕು. ಅವಧಿ ಹೇಳದಿದ್ದರೆ ಅದು 5 ವರ್ಷ. ಪ್ರದೇಶ ಹೇಳದಿದ್ದರೆ ಭಾರತ ಮಾತ್ರ. ಪಡೆದ ಹಕ್ಕನ್ನು ಪ್ರಕಾಶಕರು ಒಂದು ವರ್ಷದೊಳಗೆ ಬಳಸದಿದ್ದರೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಅದು ರದ್ದಾಗುತ್ತದೆ. ನಮ್ಮಲ್ಲಿ ಎಷ್ಟೋ ಪುಸ್ತಕಗಳು ಬಾಯಿಮಾತಿನ ಮೇಲೆಯೇ ಅಚ್ಚಾಗುತ್ತವೆ. ಇದು ಲೇಖಕನನ್ನು ಬರಿಗೈ ಮಾಡುತ್ತದೆಂಬ ಭಾವನೆಯಿದೆ. ಅದು ಅರ್ಧ ನಿಜ. ಬಾಯಿಮಾತಿನಿಂದ ಹಕ್ಕು ಲೇಖಕನ ಕೈಬಿಟ್ಟು ಹೋಗುವುದಿಲ್ಲ. ಆದರೆ ತನಗೆ ಬರಬೇಕಾದದ್ದು ಎಷ್ಟೆಂದು ತೋರಿಸುವ ಚೀಟಿಯೂ ಅವನ ಬಳಿ ಇರುವುದಿಲ್ಲ. ಹಕ್ಕು ಉಳಿಯುತ್ತದೆ, ಹಣ ಹೋಗುತ್ತದೆ.

ಆ ಹಕ್ಕು ಎಷ್ಟು ಕಾಲ ಬಾಳುತ್ತದೆಂಬುದಕ್ಕೆ ತ್ರಿವೇಣಿಯವರನ್ನು ನೋಡಬಹುದು. ಅವರು ತೀರಿಕೊಂಡದ್ದು 1963ರಲ್ಲಿ. ಅವರ ಕಾದಂಬರಿಗಳಲ್ಲಿ ‘ಬೆಳ್ಳಿಮೋಡ’ ತೆರೆಗೆ ಬಂದದ್ದು 1967ರಲ್ಲಿ, ‘ಶರಪಂಜರ’ ಅದಾದ ಕೆಲವು ವರ್ಷಗಳ ಮೇಲೆ. ಲೇಖಕರ ಮರಣಾನಂತರ 60 ವರ್ಷ ಎಂಬ ನಿಯಮದಂತೆ, ಅವರು ಬದುಕಿದ್ದಾಗ ಅಚ್ಚಾದ ಕೃತಿಗಳ ಹಕ್ಕು 2023ರ ಕೊನೆಯವರೆಗೂ ಜೀವಂತವಾಗಿತ್ತು. ಪತ್ರಿಕೆಗೆ ಲೇಖನ ಕಳಿಸುವ ಇಂದಿನ ಹುಡುಗಿಯೊಬ್ಬಳು ‘ಮೊದಲ ಪ್ರಕಟಣೆಗೆ ಮಾತ್ರ’ ಎಂದು ಒಂದು ಸಾಲು ಬರೆದು ಸೇರಿಸಿದರೆ, ಅಷ್ಟು ಉದ್ದದ ಆಸ್ತಿಗೆ ಬೇಲಿ ಹಾಕಿದಂತೆ.

ಹೊಸಬರಿಗೆ ದಾರಿಗಳು ಮುಚ್ಚಿಲ್ಲ. ಛಂದ ಪುಸ್ತಕ ಚೊಚ್ಚಲ ಕಥಾಸಂಕಲನಗಳಿಗೆ ಹಸ್ತಪ್ರತಿ ಸ್ಪರ್ಧೆ ನಡೆಸಿದೆ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಮೊದಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಬೆಂಗಳೂರಿನಲ್ಲಿ 2014ರಲ್ಲಿ ಹುಟ್ಟಿದ ಪ್ರತಿಲಿಪಿ, 2020ರಲ್ಲಿ ಬಂದ ಮೈಲ್ಯಾಂಗ್ ಓದುಗರನ್ನು ಮೊಬೈಲಿನಲ್ಲಿ ನೆರೆಸಿವೆ. ಇವುಗಳಲ್ಲಿ ನನಗೆ ಮುಖ್ಯವಾಗಿ ಕಾಣುವುದು ಲೆಕ್ಕದ ದಾಖಲೆ. ಮೊಬೈಲಿನಲ್ಲಿ ಮಾರಾಟವಾದ ಪ್ರತಿಯೊಂದೂ ಗಣಕದಲ್ಲಿ ದಾಖಲಾಗುತ್ತದೆ. ಅಚ್ಚಿನ ಪುಸ್ತಕದಲ್ಲಿ ಎಷ್ಟು ಪ್ರತಿ ಮುದ್ರಣವಾಯಿತೆಂಬ ಸತ್ಯ ಮುದ್ರಣಾಲಯದ ಬಿಲ್ಲಿನಲ್ಲಿರುತ್ತದೆ, ಮತ್ತು ಆ ಬಿಲ್ಲಿನ ಒಂದು ನಕಲು ಲೇಖಕನಿಗೆ ಸಲ್ಲಬೇಕೆಂಬ ಷರತ್ತನ್ನು ಕರಾರಿನಲ್ಲಿ ಬರೆಸಿಕೊಳ್ಳಲು ಯಾವ ಕಾನೂನಿನ ಅಡ್ಡಿಯೂ ಇಲ್ಲ.