ಸರಪಳಿ, ಹಗ್ಗ ಮತ್ತು ಒಂದು ಕೆಂಪು ಗೆರೆ

ಯಲಹಂಕದಿಂದ ಪೂರ್ವಕ್ಕೆ ಕೆಲವೇ ಮೈಲಿಗಳ ದೂರದಲ್ಲಿ, ಹೆಣ್ಣೂರು–ಬಾಗಲೂರು ರಸ್ತೆಯ ಬದಿಗೆ ಕಣ್ಣೂರು ಎಂಬ ಊರಿದೆ. ಅಲ್ಲಿ ಹಳೆಯದೊಂದು ಪುಟ್ಟ ಕಟ್ಟಡವಿತ್ತು. 1868ರಲ್ಲಿ ಭಾರತದ ಮಹಾ ತ್ರಿಕೋನಮಿತೀಯ ಸರ್ವೇಕ್ಷಣೆಯವರು ಬೆಂಗಳೂರಿನ ಬಳಿ ಅಳೆದ ಆಧಾರರೇಖೆಯ ಒಂದು ತುದಿಯನ್ನು ಅದು ಗುರುತಿಸುತ್ತಿತ್ತು. 2024ರಲ್ಲಿ ಅದು ಕುಸಿದುಬಿತ್ತು. ಆ ಸುದ್ದಿಯನ್ನು ಓದಿದ ದಿನ ನನಗೆ ನೆನಪಾದದ್ದು ಸರ್ವೇಕ್ಷಣೆಯಲ್ಲ, ನಮ್ಮ ಶಾಲೆಯ ಒಂದು ನೂಲಿನ ಹಗ್ಗ. ವಿಜ್ಞಾನ ಬೋಧಿಸುತ್ತಿರುವ ಕಿರಿಯ ಮಿತ್ರರಿಗೆ ಉಪಯೋಗವಾದೀತೆಂದು ಎರಡನ್ನೂ ಸೇರಿಸಿ ಹೇಳುತ್ತಿದ್ದೇನೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಆಂಗ್ಲರ ಸೈನ್ಯದಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿಯಿದ್ದ. ದಕ್ಷಿಣ ಭಾರತವನ್ನು ಕರಾವಳಿಯಿಂದ ಕರಾವಳಿಯವರೆಗೆ ತ್ರಿಭುಜಗಳ ಜಾಲದಿಂದ ಅಳೆಯಬೇಕೆಂಬುದು ಅವನ ಯೋಜನೆ. ಗೆದ್ದ ನಾಡನ್ನು ಅಳೆದು ಆಳುವ ಉದ್ದೇಶ ಅದರ ಹಿಂದಿತ್ತು. ಬಾವುಟ ಹಿಡಿದು ಕಾಡಿಗೆ ಹೋದ ಅದೆಷ್ಟೋ ಮಂದಿ ಜ್ವರದಿಂದ ಸತ್ತರು. ಇದನ್ನು ಮಕ್ಕಳಿಂದ ಮುಚ್ಚಿಡಬೇಕಾಗಿಲ್ಲ. ಆದರೆ ಆ ಕೆಲಸದ ಕ್ರಮ ಮಾತ್ರ ಯಾವ ತರಗತಿಗೂ ಪಾಠವಾಗಬಲ್ಲದು.

ತ್ರಿಭುಜದ ಒಂದು ಬಾಹು ಮತ್ತು ಅದರ ಎರಡು ತುದಿಗಳ ಕೋನಗಳು ತಿಳಿದರೆ ಉಳಿದ ಬಾಹುಗಳನ್ನು ಲೆಕ್ಕದಿಂದಲೇ ಪಡೆಯಬಹುದು. ಹಾಗೆ ಪಡೆದ ಬಾಹು ಮುಂದಿನ ತ್ರಿಭುಜಕ್ಕೆ ಆಧಾರವಾಗುತ್ತದೆ. ಆದ್ದರಿಂದ ನೆಲದ ಮೇಲೆ ಅಳೆಯಬೇಕಾದದ್ದು ಮೊದಲ ಬಾಹುವನ್ನು ಮಾತ್ರ. ಅದು ತಪ್ಪಿದರೆ ಎಲ್ಲವೂ ತಪ್ಪುತ್ತದೆ. ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಮೊದಲು ಕೈ ಪಳಗಿಸಿಕೊಂಡ. ಚೀನಾದ ಚಕ್ರವರ್ತಿಗೆಂದು ಒಯ್ದಿದ್ದ ಕಾಣಿಕೆಗಳಲ್ಲಿ ಸೇರಿದ್ದ ಉಕ್ಕಿನ ಸರಪಳಿಯೊಂದು ಆಗ ಅವನಿಗೆ ದೊರೆತಿತ್ತು. 1802ರ ಏಪ್ರಿಲ್‌ನಲ್ಲಿ ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಸುಮಾರು ಏಳೂವರೆ ಮೈಲಿಯ ಆಧಾರರೇಖೆಯನ್ನು ಅಳೆಯಲಾರಂಭಿಸಿದ. ಅಳತೆಗೆ 100 ಅಡಿಯ ಒಂದು ಸರಪಳಿ. ಅದನ್ನು ಆಗಾಗ ಹೋಲಿಸಿ ನೋಡಲು ಇನ್ನೊಂದು. ಉಷ್ಣಮಾಪಕಗಳು ಜೊತೆಯಲ್ಲೇ ಇದ್ದವು. ಏಕೆಂದರೆ ಉಕ್ಕು ಬಿಸಿಲಿಗೆ ಹಿಗ್ಗುತ್ತದೆ. ಅಷ್ಟು ದೂರವನ್ನು ಅಳೆಯುವಾಗ ಉಷ್ಣತೆಯಲ್ಲಿ 10 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸವನ್ನು ಗಮನಿಸದೆ ಬಿಟ್ಟರೆ ಫಲಿತಾಂಶ ಸುಮಾರು 1.4 ಮೀಟರಿನಷ್ಟು ತಪ್ಪುತ್ತದೆ.

ನಮ್ಮೂರಿಗೆ ಸಂಬಂಧಿಸಿದ ಮುಖ್ಯ ಸಂಗತಿ ಮುಂದಿನದು. ಮದರಾಸಿನಿಂದ ನೇರ ದಾರಿಯಲ್ಲಿ ಸುಮಾರು 290 ಕಿ.ಮೀ. ದೂರದ ಬೆಂಗಳೂರಿಗೆ ತ್ರಿಭುಜಗಳ ಸಾಲು ಬಂದು ತಲುಪಿದ ಮೇಲೆ, 1804ರಲ್ಲಿ ಇಲ್ಲಿ ಮತ್ತೊಂದು ಆಧಾರರೇಖೆಯನ್ನು ಸರಪಳಿಯಿಂದ ಅಳೆದು ಲೆಕ್ಕದ ಉತ್ತರದೊಡನೆ ಹೋಲಿಸಿ ನೋಡಿದರು. ಏಳು ಮೈಲಿಯಷ್ಟು ಉದ್ದದಲ್ಲಿ ಬಂದ ವ್ಯತ್ಯಾಸ ನಾಲ್ಕು ಅಂಗುಲಕ್ಕೂ ಕಡಿಮೆ! ಆ ವ್ಯತ್ಯಾಸವನ್ನು ಅವರು ಅಡಗಿಸಲಿಲ್ಲ, ಅದನ್ನೂ ಬರೆದಿಟ್ಟರು. 1808ರಲ್ಲಿ ತಂಜಾವೂರಿನ ದೇವಾಲಯದ ಗೋಪುರಕ್ಕೆ ಏರಿಸುವಾಗ ಕೋನಗಳನ್ನು ಅಳೆಯುವ ದೊಡ್ಡ ಥಿಯೊಡೊಲೈಟ್ ಗೋಡೆಗೆ ಬಡಿದು ನಜ್ಜುಗುಜ್ಜಾಯಿತು. ಲ್ಯಾಂಬ್ಟನ್ ವಾರಗಟ್ಟಲೆ ಡೇರೆಯಲ್ಲಿ ಕುಳಿತು ತಾನೇ ಅದನ್ನು ತಟ್ಟಿ ತಿದ್ದಿ ಸರಿಪಡಿಸಿದ.

ಈ ಕಥೆಯನ್ನು ನಾನು ಒಂಬತ್ತನೆಯ ತರಗತಿಗೆ ಬಹಳ ಉತ್ಸಾಹದಿಂದ ಹೇಳುತ್ತಿದ್ದೆ. ಒಂದು ವರ್ಷ ಮಕ್ಕಳನ್ನು ಹೆಬ್ಬಾಳ ಕೆರೆಯ ಅಂಚಿಗೂ ಕರೆದುಕೊಂಡು ಹೋದೆ. ನೀರಿನ ಆಚೆಗೆ ಒಂದು ಹೊಂಗೆಮರ. ಈಚೆ ದಡದಲ್ಲಿ 20 ಮೀಟರಿನ ನೂಲಿನ ಹಗ್ಗವನ್ನು ಮೂರು ಬಾರಿ ಹಾಸಿ 60 ಮೀಟರಿನ ಆಧಾರರೇಖೆ ಮಾಡುವುದು. ಎರಡು ತುದಿಗಳಿಂದ ಮರದತ್ತ ಕೋನ ಅಳೆಯುವುದು. ಕಾಗದದ ಮೇಲೆ ಪ್ರಮಾಣಕ್ಕೆ ಸರಿಯಾಗಿ ತ್ರಿಭುಜ ಬರೆದು ದೂರ ಕಂಡುಹಿಡಿಯುವುದು. ಮೂರು ಗುಂಪುಗಳಿಗೆ 129 ಮೀಟರಿನ ಆಸುಪಾಸಿನ ಉತ್ತರ ಬಂತು. ನಾಲ್ಕನೆಯ ಗುಂಪಿನ ಹುಡುಗಿ 136 ಎಂದು ಬರೆದಿದ್ದಳು. ನಾನು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ‘ತಪ್ಪು’ ಎಂದು ಬರೆದೆ. ಮರುದಿನ ಅವಳ ಪುಸ್ತಕದಲ್ಲಿ 129 ಇತ್ತು. ‘ಜಾಣೆ’ ಎಂದೆ.

ಆ ವಾರದ ಕೊನೆಯಲ್ಲಿ ಹಗ್ಗಗಳನ್ನು ಎತ್ತಿಡುವಾಗ ಒಂದರಲ್ಲಿ ಇನ್ನೂ ತೇವವಿತ್ತು. ಪಕ್ಕದ ಹಗ್ಗದೊಡನೆ ಹಿಡಿದು ನೋಡಿದರೆ ಗಿಡ್ಡ. ಅದನ್ನು ಪೂರ್ತಿ ನೆನೆಸಿ ಅಳೆದೆ: 20 ಮೀಟರಿನ ಹಗ್ಗ 19 ಮೀಟರಿಗೆ ಇಳಿದಿತ್ತು. ನೂಲಿನ ಹಗ್ಗ ನೆನೆದರೆ ಕುಗ್ಗುತ್ತದೆ. ಅವರ ಆಧಾರರೇಖೆ 60 ಅಲ್ಲ, 57 ಮೀಟರ್. ಲೆಕ್ಕವನ್ನು ತಿದ್ದಿದರೆ 136 ಎಂಬುದು 129ಕ್ಕೇ ಬಂದು ನಿಲ್ಲುತ್ತದೆ! ಅವಳ ಕೋನಗಳು ಸರಿಯಾಗಿದ್ದವು, ಅವಳ ಚಿತ್ರ ಸರಿಯಾಗಿತ್ತು.

ಸೋಮವಾರ ಅವಳನ್ನು ಕರೆದು ಕೇಳಿದೆ. ತಲೆ ತಗ್ಗಿಸಿ ಹೇಳಿದಳು: “ಹಗ್ಗ ಕೆರೆಗೆ ಬಿದ್ದಿತ್ತು ಸಾರ್. ನೀವು ತಪ್ಪು ಅಂದ್ರಲ್ಲ, ಅದಕ್ಕೇ ಪಕ್ಕದ ಗುಂಪಿನ ಲೆಕ್ಕ ನೋಡಿ ಬರೆದ್ವಿ.”

ಬಿಸಿಲಿಗೆ ಹಿಗ್ಗುವ ಸರಪಳಿಯ ಕಥೆಯನ್ನು ರಸವತ್ತಾಗಿ ಹೇಳುತ್ತಿದ್ದ ನಾನು, ನೀರಿಗೆ ಕುಗ್ಗಿದ ಹಗ್ಗದ ಮುಂದೆ ಕುರುಡನಾಗಿದ್ದೆ. ಅವಳ ಪ್ರಾಮಾಣಿಕ ಅಳತೆಗೆ ಅಡ್ಡಗೆರೆ, ನಕಲಿಗೆ ಶಹಭಾಸ್! ತರಗತಿಯ ಮುಂದೆ ತಪ್ಪು ನನ್ನದೆಂದು ಹೇಳಿದೆ, ಒದ್ದೆ ಹಗ್ಗವನ್ನು ಎಲ್ಲರೆದುರು ಅಳೆದು ತೋರಿಸಿದೆ. ಅವಳು ನಕ್ಕಳು. ಆದರೆ ಅಂಥ ಎಷ್ಟು 136ಗಳನ್ನು ಅದಕ್ಕೆ ಮೊದಲು ಅಳಿಸಿಹಾಕಿದ್ದೆನೋ ಎಂಬ ಕೊರಗು ಇಂದಿಗೂ ಹೋಗಿಲ್ಲ.

ಆದ್ದರಿಂದ ಮಿತ್ರರೇ, ನನ್ನ ಸಲಹೆಗಳು ಕೆಲವೇ. ಈ ಪ್ರಯೋಗಕ್ಕೆ ಹಗ್ಗ, ಕೋನಮಾಪಕ, ಗುರಿ ನೋಡಲು ಒಂದು ಕೊಳವೆ ಸಾಕು. ಕೆರೆಯಿಲ್ಲದಿದ್ದರೆ ಆಟದ ಮೈದಾನವಾದೀತು. ಆಧಾರರೇಖೆಯನ್ನು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಅಳೆಯಿಸಿ. ಕೆಲಸಕ್ಕೆ ಮೊದಲೂ ಆಮೇಲೂ ಹಗ್ಗವನ್ನು ಒಂದು ಒಳ್ಳೆಯ ಟೇಪಿನೊಡನೆ ಹೋಲಿಸಿ. ಗುರಿಯ ಸ್ಥಳಕ್ಕೆ ಹೋಗಬಹುದಾದರೆ ಮೂರನೆಯ ಕೋನವನ್ನೂ ಅಳೆಯಿಸಿ. ಮೂರರ ಮೊತ್ತ 180 ಡಿಗ್ರಿಯಿಂದ ಎಷ್ಟು ದೂರ ನಿಂತಿತೆಂದು ಮಕ್ಕಳೇ ನೋಡಲಿ. ಬೇರೊಂದು ಆಧಾರರೇಖೆಯಿಂದ ಅದೇ ದೂರವನ್ನು ಮತ್ತೆ ಕಂಡುಹಿಡಿಯಲಿ. 1804ರಲ್ಲಿ ಬೆಂಗಳೂರಿನಲ್ಲಿ ನಡೆದದ್ದು ಅಂಥದೇ ಪರೀಕ್ಷೆ. ಬರೆದ ಅಂಕಿಯನ್ನು ರಬ್ಬರಿನಿಂದ ಅಳಿಸಗೊಡಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಉತ್ತರ ಬೇರೆಯಾದಾಗ ‘ತಪ್ಪು’ ಎನ್ನುವ ಮೊದಲು ‘ಹೇಗೆ ಅಳೆದಿರಿ?’ ಎಂದು ಕೇಳಿ.

ಕಣ್ಣೂರಿನ ಕಟ್ಟಡವನ್ನು ನಾವು ಉಳಿಸಿಕೊಳ್ಳಲಿಲ್ಲ. ಅಳೆದದ್ದನ್ನು ಮತ್ತೆ ಅಳೆದು ನೋಡುವ, ಬಂದ ವ್ಯತ್ಯಾಸವನ್ನು ಇದ್ದಂತೆಯೇ ಬರೆದಿಡುವ ಆ ಪದ್ಧತಿಯನ್ನಾದರೂ ನಮ್ಮ ಮಕ್ಕಳ ಪುಸ್ತಕಗಳಲ್ಲಿ ಉಳಿಸಿಕೊಳ್ಳೋಣ.