ಇನ್ವೆರಿ

ಇನ್ವೆರಿಯು ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿರುವ ನೊಯ್ಡಾರ್ಟ್ ಪರ್ಯಾಯದ್ವೀಪದ ಮುಖ್ಯ ಹಳ್ಳಿ ಹಾಗೂ ಹಾಯಿದೋಣಿಗಳ ತಂಗುದಾಣ. ಇದು ಲಾಕ್ ನೆವಿಸ್ ಎಂಬ ಕಡಲ ಚಾಚಿನ ಉತ್ತರ ದಡದಲ್ಲಿದೆ. ಹಳ್ಳಿಯೊಳಗೆ ರಸ್ತೆಯಿದ್ದರೂ ಅದು ದೇಶದ ರಸ್ತೆಜಾಲವನ್ನು ಕೂಡುವುದಿಲ್ಲ. ಇಲ್ಲಿಗೆ ಬರಲು ಮ್ಯಾಲೇಗ್ ಬಂದರಿನಿಂದ ಸುಮಾರು 11 ಕಿ.ಮೀ. ದೋಣಿಯಲ್ಲಿ ಸಾಗಬೇಕು, ಇಲ್ಲವೇ ಬೆಟ್ಟಗಳ ನಡುವೆ ಸುಮಾರು 29 ಕಿ.ಮೀ. ನಡೆಯಬೇಕು.

ಹೆಸರುಗಳ ಮೂಲ

ಈ ಕರಾವಳಿಯ ಸ್ಥಳನಾಮಗಳಲ್ಲಿ ಎರಡು ಭಾಷೆಗಳು ಬೆರೆತಿವೆ. ಗೇಲಿಕ್ ಸ್ಥಳೀಯರ ನುಡಿ; ನಾರ್ಸ್ ಸ್ಕ್ಯಾಂಡಿನೇವಿಯಾದಿಂದ ಹಡಗುಗಳಲ್ಲಿ ಬಂದ ವೈಕಿಂಗರ ನುಡಿ. ಇನ್ವೆರಿಯ ಗೇಲಿಕ್ ರೂಪದಲ್ಲಿರುವ ‘ಇನ್ವಿರ್’ ಪದಕ್ಕೆ ನದೀಮುಖ ಎಂದರ್ಥ. ಕನ್ನಡದ ‘ಅಳಿವೆ’ ಇದಕ್ಕೆ ಸಮೀಪದ ಪದ. ದಕ್ಷಿಣದ ಆರಿಸೇಗ್ ಎಂಬ ತಂಗುದಾಣದ ಹೆಸರೂ ಅಳಿವೆಯನ್ನೇ ಸೂಚಿಸುತ್ತದೆ, ಆದರೆ ನಾರ್ಸ್ ಭಾಷೆಯಲ್ಲಿ: ‘ಆರೋಸ್’ ಎಂದರೆ ನದೀಮುಖ, ‘ವೀಕ್’ ಎಂದರೆ ಕೊಲ್ಲಿ. ಈ ‘ವೀಕ್’ ಗೇಲಿಕರ ಬಾಯಲ್ಲಿ ‘ಏಗ್’ ಆಯಿತು. ಮ್ಯಾಲೇಗ್‌ನ ಕೊನೆಯಲ್ಲಿರುವುದೂ ಅದೇ. ನೊಯ್ಡಾರ್ಟ್ ಎಂದರೆ ‘ಕ್ನೂಟನ ಫ್ಯೋರ್ಡ್’. ಫ್ಯೋರ್ಡ್ ಸವೆದು ‘ಆರ್ಟ್’ ಆಗಿರುವುದನ್ನು ನೆರೆಯ ಮೊಯ್ಡಾರ್ಟ್, ಸೂನಾರ್ಟ್ ಹೆಸರುಗಳಲ್ಲಿಯೂ ಕಾಣಬಹುದು. ಕಡಲಿನಿಂದ ಬಂದವರು ನೀರಿಗಿಟ್ಟ ಹೆಸರು ಕ್ರಮೇಣ ನೆಲಕ್ಕೆ ಅಂಟಿಕೊಂಡಿರುವುದು ಗಮನಾರ್ಹ. 1266ರ ಪರ್ತ್ ಒಪ್ಪಂದದಲ್ಲಿ ನಾರ್ವೆಯು ಹೆಬ್ರಿಡೀಸ್ ದ್ವೀಪಗಳನ್ನು ಸ್ಕಾಟ್ಲೆಂಡಿಗೆ ಬಿಟ್ಟುಕೊಟ್ಟಿತಾದರೂ ಹೆಸರುಗಳು ಉಳಿದವು.

ಜನರು ಮತ್ತು ಭೂಮಿ

ಹೆಸರುಗಳಷ್ಟು ಭದ್ರವಾಗಿ ಅವುಗಳನ್ನು ನುಡಿಯುತ್ತಿದ್ದ ಜನರು ಉಳಿಯಲಿಲ್ಲ. 1853ರಲ್ಲಿ ಜಮೀನ್ದಾರರು ಇಲ್ಲಿನ ಮುನ್ನೂರಕ್ಕೂ ಹೆಚ್ಚು ಗೇಲಿಕ್ ಭಾಷಿಕ ಗೇಣಿದಾರರನ್ನು ಒಕ್ಕಲೆಬ್ಬಿಸಿ ‘ಸಿಲರಿ’ ಎಂಬ ಹಡಗಿನಲ್ಲಿ ಕೆನಡಾಕ್ಕೆ ಕಳುಹಿಸಿದರು. ಹೋಗಲೊಪ್ಪದವರ ಮನೆಗಳನ್ನು ಕೆಡವಲಾಯಿತು. 1948ರಲ್ಲಿ ಏಳು ಮಂದಿ ಸಾಗುವಳಿಗಾಗಿ ಇಲ್ಲಿನ ಭೂಮಿಯನ್ನು ಆಕ್ರಮಿಸಿದರು. ನ್ಯಾಯಾಲಯದ ಆದೇಶ ಅವರ ವಿರುದ್ಧ ಬಂದಿತು. ಅವರ ಸ್ಮಾರಕ ಹಳ್ಳಿಯಲ್ಲಿದೆ. ಕೊನೆಗೆ 1999ರಲ್ಲಿ ನೊಯ್ಡಾರ್ಟ್ ಪ್ರತಿಷ್ಠಾನವು ಸಮುದಾಯದ ಪರವಾಗಿ ಎಸ್ಟೇಟನ್ನು ಕೊಂಡುಕೊಂಡಿತು.

ಪಬ್

ದಡದಲ್ಲಿರುವ ‘ದಿ ಓಲ್ಡ್ ಫೋರ್ಜ್’ (ಅರ್ಥಾತ್ ಹಳೆಯ ಕುಲುಮೆ) ಬ್ರಿಟನ್ನಿನ ಮುಖ್ಯಭೂಮಿಯ ಅತ್ಯಂತ ದುರ್ಗಮ ಪಬ್ ಎಂದು ಪ್ರಸಿದ್ಧ. ನಾವಿಕರು ಕೊಲ್ಲಿಯಲ್ಲಿ ದೋಣಿ ಕಟ್ಟಿ ಊಟಕ್ಕೆ ದಡ ಸೇರುತ್ತಾರೆ. ಆದರೆ ಇಷ್ಟು ಚಿಕ್ಕ ಊರಿನಲ್ಲಿ ಪಬ್ ಎಂದರೆ ಬರಿಯ ಪಾನಗೃಹವಲ್ಲ. ಜನ ಸೇರುವ ಚಾವಡಿಯೂ ಹೌದು, ದುಡಿಮೆಯ ತಾಣವೂ ಹೌದು. ಅದು ಮಾರಾಟಕ್ಕೆ ಬಂದಾಗ ಗ್ರಾಮಸ್ಥರು ಹಣ ಕೂಡಿಸಿ 2022ರಲ್ಲಿ ಅದನ್ನು ಸಮುದಾಯದ ಒಡೆತನಕ್ಕೆ ತಂದರು.